ವಿಚಾರಿಸೋಕೆ ಒಂದು ನಂಬರ್

ನಿರಾಶ್ರಿತರಿಗೆ ಬಾಡಿಗೆ ಮನೆ ಹುಡುಕಿಕೊಡುವುದು ನನ್ನ ಕೆಲಸ. ಮಣಿಪುರದ ಗಲಭೆಯಲ್ಲಿ ಮನೆ ಕಳೆದುಕೊಂಡು ಶಿವಮೊಗ್ಗಕ್ಕೆ ಬಂದಿದ್ದ ಕಿಮ್ ಅವರನ್ನು ವಿನೋಬನಗರಕ್ಕೆ ಕರೆದುಕೊಂಡು ಹೋದೆ.

“ಕೊಡೋಕೇನಂತೆ ಮಾರಾಯ್ತಿ, ವಿಚಾರಿಸೋಕೆ ಅವರ ಕಡೆಯೋರ ನಂಬರ್ ಕೊಡ್ಲಿ,” ಎಂದರು ಮನೆಯೊಡತಿ.

ಕಿಮ್ ತಮ್ಮ ಗಂಡನ ನಂಬರ್ ಹೇಳಿದರು. ಮನೆಯೊಡತಿ ಅಲ್ಲೇ ಫೋನ್ ಮಾಡಿದರು. “ಸ್ವಿಚ್ ಆಫ್ ಅಂತಿದೆ.”

ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ಕಿಮ್ ತಲೆಯಾಡಿಸಿದರು. “ಗಲಭೆಯ ದಿನದಿಂದ ಹಾಗೇ ಇದೆ. ನಾನೂ ದಿನಾ ಮಾಡ್ತೀನಿ.”

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಮನೆಯೊಡತಿ ಕಣ್ಣೊರೆಸಿಕೊಂಡು ಕಾಫಿ ತಂದರು. ಕಿಮ್ ಕುಡಿದು ಮುಗಿಸಿದ ಮೇಲೆ, “ನಾಳೆ ಏನಾದ್ರೂ ಆದ್ರೆ ಕರೆಯೋಕೆ ಯಾರೂ ಇಲ್ದೋರಿಗೆ ಹೇಗಮ್ಮ ಮನೆ ಕೊಡೋದು?” ಎಂದು ಮನೆಯೊಡತಿ ನನಗೆ ಮೆಲ್ಲಗೆ ಹೇಳಿದರು.

ಭದ್ರಾವತಿಯ ನ್ಯೂ ಟೌನ್‌ನಲ್ಲೂ ಹೀಗೇ ಆಯಿತು. ದಿನವಿಡೀ ತಿರುಗಿದರೂ ಮನೆ ಸಿಗಲಿಲ್ಲ. ಕಾಫಿ ಮಾತ್ರ ಎಲ್ಲ ಕಡೆಯೂ ಚೆನ್ನಾಗಿತ್ತು.