ರಾಣಿಯ ಮೊದಲ ನಗು

ವಸಂತಕ್ಕ, ಆ ದಿನ ನಿಮ್ಮ ನಗು ಸರಿಯಾಗಿಯೇ ಬಂದಿತ್ತು. ಮೊದಲ ಸಲಕ್ಕೇ ಬಂದಿತ್ತು. ಅದನ್ನು ಅಳಿಸಿದವನು ನಾನು — ಬೇಕೆಂದಲ್ಲ, ಕೈತಪ್ಪಿ. ಆದರೆ ಆಮೇಲೆ ಹೇಳಿದ ಸುಳ್ಳು ಕೈತಪ್ಪಿ ಬಂದದ್ದಲ್ಲ.

ಐದು ವರ್ಷವಾಯಿತು. ಬನಶಂಕರಿಯ ನಮ್ಮ ಸಣ್ಣ ಡಬ್ಬಿಂಗ್ ಸ್ಟುಡಿಯೋಗೆ ಆ ಟಿವಿ ಧಾರಾವಾಹಿ ಬಂದಿತ್ತು: ಯಾವುದೋ ಹಿಮದ ನಾಡಿನ ಪುರಾಣ, ಘಟಸರ್ಪ, ಶಾಪದ ಉಂಗುರ, ಮೋಸಹೋದ ರಾಣಿ. ರಾಣಿಗೆ ನಿಮ್ಮ ದನಿ, ರೆಕಾರ್ಡ್ ಮಾಡುವವನು ನಾನು. ತನ್ನನ್ನು ವಂಚಿಸಿದ ವೀರ ಸತ್ತನೆಂದು ಕೇಳಿದಾಗ ರಾಣಿ ಅಳುವುದಿಲ್ಲ, ಕೋಟೆ ನಡುಗುವಂತೆ ನಗುತ್ತಾಳೆ. ಮೂವತ್ತು ವರ್ಷ ನಾಟಕದಲ್ಲಿ ಪಳಗಿದ ಗಂಟಲು ನಿಮ್ಮದು. ನೀವು ನಕ್ಕಿರಿ — ತೆರೆಯ ಮೇಲಿನ ತುಟಿಗೂ ನಿಮ್ಮ ದನಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಗಾಜಿನ ಈಚೆ ಕೂತ ನನ್ನ ಮೈ ಜುಮ್ಮೆಂದಿತು. ಆ ಮೈಮರೆವಿನಲ್ಲೇ, ಉಳಿಸಬೇಕಾದ ಟೇಕನ್ನು ಅಳಿಸಿಬಿಟ್ಟೆ.

ಹೇಳಿಬಿಡಬಹುದಿತ್ತು. ಆ ವಾರವಷ್ಟೇ ಇನ್ನೊಂದು ತಪ್ಪಿಗೆ ಮಾಲೀಕರಿಂದ ಬೈಸಿಕೊಂಡಿದ್ದೆ... ಬಿಡಿ, ಅದು ನೆಪ. ಮೈಕಿನಲ್ಲಿ ಹೇಳಿದೆ: "ಅಕ್ಕ, ನಗು ಸ್ವಲ್ಪ ಸಾಲ್ತಿಲ್ಲ. ಇನ್ನೊಂದ್ಸಲ ಮಾಡೋಣ್ವಾ?"

ಎರಡನೆಯದು ಚೆನ್ನಾಗಿತ್ತು, ಆದರೆ ಮೊದಲಿನಂತಿರಲಿಲ್ಲ. ನನಗೆ ಮೊದಲಿನದೇ ಬೇಕಿತ್ತು — ನನ್ನ ತಪ್ಪು ಮುಚ್ಚಿಹೋಗಲು. ಹದಿನಾಲ್ಕು ಸಲ ನಗಿಸಿದೆ. ಕೊನೆಗೆ ದನಿ ಒಡೆಯಿತು. ಬಿಸಿನೀರಿನ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಹೊರಬಂದು ನೀವೆಂದಿರಿ: "ಒಂದು ನಗು ನಗಕ್ಕಾಗ್ಲಿಲ್ಲ. ನನ್ ಕಾಲ ಮುಗೀತು ಕಣೋ. ಪಾಪ, ನೀನು ಎಷ್ಟು ತಾಳ್ಮೆಯಿಂದ ಕಾದೆ!"

ಪಾಪ — ನಾನು!

ಆಮೇಲೆ ನೀವು ಮೈಕಿನ ಮುಂದೆ ನಿಲ್ಲಲಿಲ್ಲ. ನಾಟಕಕ್ಕೆ ಕರೆದರೂ ಹೋಗಲಿಲ್ಲವಂತೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವರು ನೀವು.

ಕಳೆದ ವಾರ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸಿಕ್ಕಿರಿ. ಸೊಪ್ಪು ಮಾರುವವಳ ಹತ್ತಿರವೂ ಪಿಸುದನಿಯಲ್ಲೇ ಮಾತಾಡುತ್ತಿದ್ದಿರಿ. ನಾನೇನೋ ತಮಾಷೆ ಮಾಡಿದೆ. ನಿಮಗೆ ನಗು ಬಂತು — ತಕ್ಷಣ ಸೆರಗಿನಿಂದ ಬಾಯಿ ಮುಚ್ಚಿಕೊಂಡಿರಿ. "ನನ್ ನಗು ಚೆನ್ನಾಗಿಲ್ಲ ಕಣೋ. ನಿಂಗೇ ಗೊತ್ತಲ್ಲ," ಎಂದಿರಿ.

ಗೊತ್ತು ಅಕ್ಕ. ಅದು ಹೇಗಿತ್ತೆಂದು ಗೊತ್ತಿರುವವನು ನಾನೊಬ್ಬನೇ. ಇದನ್ನು ಹೊತ್ತು ಹೊತ್ತು ದಣಿದಿದ್ದೇನೆ. ಆದರೆ ನನ್ನ ದಣಿವು ನಿಮ್ಮ ಲೆಕ್ಕಕ್ಕೆ ಬರಬೇಕಾದ್ದಲ್ಲ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಿಗ್ಗೆ ನಿಮ್ಮ ಮನೆಗೆ ಬಂದು, ನಿಮ್ಮೆದುರು ನಿಂತು, ಗಟ್ಟಿಯಾಗಿ ಓದುತ್ತೇನೆ.