ನೆಂಟರ ನೀರು

ನಾನು ಬೇಲೂರಿನವಳು, ಯಗಚಿ ನೀರು ಕುಡಿದು ಬೆಳೆದವಳು. ತೊಂಬತ್ತರ ದಶಕದಲ್ಲಿ ಜಾವಗಲ್ ಕಡೆಯ ಒಂದು ಹಳ್ಳಿಗೆ ಮದುವೆಯಾಗಿ ಬಂದೆ. ಹೆಣ್ಣು ನೋಡಲು ಬಂದ ದಿನ ಗಂಡಿನ ಕಡೆಯವರು ಯಾರೂ ಬಾಯಿ ಬಿಟ್ಟು ನಗಲಿಲ್ಲ. ನಮ್ಮಪ್ಪ ಅದನ್ನೇ ಮೆಚ್ಚಿಕೊಂಡು, "ಗಂಭೀರವಾದ ಜನ" ಎಂದರು. ಗಂಭೀರವೂ ಇಲ್ಲ, ಮಣ್ಣೂ ಇಲ್ಲ. ಹಲ್ಲಿನ ಮೇಲೆ ಅಡ್ಡಕ್ಕೆ ಕಂದು ಪಟ್ಟೆಗಳು ಬಿದ್ದಿದ್ದವು, ಅಷ್ಟೆ. ಮುದುಕರಿಂದ ಶಾಲೆಗೆ ಹೋಗುವ ಮಕ್ಕಳವರೆಗೆ ಇಡೀ ಊರಿಗೆ ಅದೇ ಹಲ್ಲು.

ನಮ್ಮತ್ತೆಗೆ ಆಗಿನ್ನೂ ಐವತ್ತು ದಾಟಿರಲಿಲ್ಲ. ಪಕ್ಕಕ್ಕೆ ನೋಡಬೇಕಾದರೆ ಕತ್ತು ತಿರುಗುತ್ತಿರಲಿಲ್ಲ, ಇಡೀ ಮೈ ತಿರುಗಿಸಬೇಕಿತ್ತು. ಕೇಳಿದರೆ "ವಾಯು ಕಣವ್ವ" ಎನ್ನುತ್ತಿದ್ದರು. ಆ ಊರಿನಲ್ಲಿ ಎಲ್ಲದಕ್ಕೂ ವಾಯುವೇ ಕಾರಣ. ಬೋರ್‌ವೆಲ್ ನೀರಲ್ಲಿ ಬೇಳೆ ಬೇಯದಿದ್ದರೆ ಅದು ಬೇಳೆಯ ತಪ್ಪು, ಅಂಗಡಿಯವನ ತಪ್ಪು. ನೀರಿನ ತಪ್ಪು ಮಾತ್ರ ಅಲ್ಲವೇ ಅಲ್ಲ.

ಮಗಳಿಗೆ ಒಂದು ವರ್ಷ ತುಂಬಿದಾಗ ನನಗೇ ಹಲ್ಲುನೋವು ಬಂದು ಅರಸೀಕೆರೆಯ ಡಾಕ್ಟರ ಹತ್ತಿರ ಹೋದೆ. ಅವರು ನನ್ನ ಹಲ್ಲು ನೋಡಿ, ಜೊತೆಗೆ ಬಂದ ನನ್ನ ಗಂಡನ ಹಲ್ಲು ನೋಡಿ, ತೊಡೆಯ ಮೇಲಿದ್ದ ಮಗುವನ್ನು ನೋಡಿದರು. "ನಿಮ್ಮೂರ ಬೋರ್‌ವೆಲ್ಲಲ್ಲಿ ಫ್ಲೋರೈಡ್ ಜಾಸ್ತಿ ಇರ್ಬೇಕಮ್ಮ. ಅದು ಹಲ್ಲು, ಮೂಳೆ ಎರಡನ್ನೂ ಕೆಡಿಸುತ್ತೆ. ಕುದಿಸಿದ್ರೂ ಹೋಗಲ್ಲ. ಹಾಲುಹಲ್ಲು ಬಿದ್ದು ಬೇರೆ ಹಲ್ಲು ಬರೋವರೆಗೂ ಮಗೂಗೆ ಆ ನೀರು ಕೊಡ್ಬೇಡಿ. ಮುಂದೆ ಬರೋ ಹಲ್ಲು ಈಗಲೇ ಒಳಗೆ ಕೆಡುತ್ತೆ" ಎಂದರು.

ಕೊಡದೆ ಏನು ಮಾಡುವುದು? ಊರಾಚೆ ದಾಯಾದಿಗಳ ತೆಂಗಿನ ತೋಟದಲ್ಲಿ ಒಂದು ಹಳೇ ಬಾವಿ ಇತ್ತು. ಅದರಲ್ಲಿ ಸಿಹಿನೀರು. ದಿನಕ್ಕೊಂದು ಹಿತ್ತಾಳೆ ಬಿಂದಿಗೆ ನೀರು ಅಲ್ಲಿಂದ ನಮ್ಮ ಮನೆಗೆ ಬರುತ್ತಿತ್ತು, ಆದರೆ ನೆಂಟರಿಗೆ ಮಾತ್ರ. ಬಂದವರಿಗೆ ಬೋರ್‌ವೆಲ್ ನೀರು ಕೊಟ್ಟರೆ ಮನೆತನದ ಮಾನ ಹೋಗುತ್ತದೆಂದು ನಮ್ಮ ಮಾವನ ನಂಬಿಕೆ. ಮನೆಯವರ ಮೂಳೆ ಹೋದರೆ ಪರವಾಗಿಲ್ಲ. ಬೈದು, ಅತ್ತು, ಕೊನೆಗೆ ಗಂಡನನ್ನು ಒಪ್ಪಿಸಿದೆ. ಅವರು ಸೈಕಲ್ಲಿನ ಹಿಂದೆ ಕ್ಯಾನು ಕಟ್ಟಿಕೊಂಡು ಹೋಗಿ ಮಗುವಿಗೆಂದು ಬೇರೆ ನೀರು ತರತೊಡಗಿದರು. ಊರವರು ಮೂಗು ಮುರಿದರು. ಬೇಲೂರಿನವಳಿಗೆ ನಮ್ಮೂರ ನೀರು ಸೇರಲ್ಲವಂತೆ, ಮಹಾರಾಣಿ!

ಬೇಸಿಗೆಯಲ್ಲಿ ಆ ಬಾವಿಯೂ ತಳ ಕಾಣುತ್ತಿತ್ತು. ಹಾಗಾಗಿ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ತಾಲ್ಲೂಕಿನ ಆಫೀಸಿಗೆ ಅಲೆದೆ. ಅಲ್ಲಿ ಎಲ್ಲರದೂ ಒಂದೇ ರಾಗ: "ಸ್ಯಾಂಪಲ್ ತೆಗೆದು ಟೆಸ್ಟ್ ಮಾಡ್ಬೇಕಮ್ಮ. ಕೆಟ್ಟ ನೀರು ಅಂತ ಬಂದ್ರೆ ಪಂಪ್ ಬಂದ್ ಮಾಡಿ, ಬೇರೆ ನೀರಿನ ವ್ಯವಸ್ಥೆ ಮಾಡ್ತೀವಿ." ಹೋಗಿ ಹೋಗಿ ಚಪ್ಪಲಿ ಸವೆಯಿತು. ನನ್ನ ಕಾಟ ತಾಳಲಾರದೆ ಒಂದು ದಿನ ಜೀಪಿನಲ್ಲಿ ಒಬ್ಬ ಸಾಹೇಬರನ್ನು ಕಳಿಸಿದರು.

ಸಾಹೇಬರು ಇಳಿದವರೇ ನಮ್ಮ ಜಗಲಿಯ ಮೇಲೆ ಕೂತರು. ಎಳನೀರು ಕುಡಿದರು. ಒಳಗೆ ಗಂಜಿ ಕಟ್ಟಿದ ಕಾಯಿ ಇದ್ದರೆ ಇನ್ನೊಂದು ಕೊಡಿ ಎಂದು ಕೇಳಿ ಅದನ್ನೂ ಕೆರೆದು ತಿಂದರು. ಬೋರ್‌ವೆಲ್ಲಿನ ಕೈಪಂಪು ಅಲ್ಲೇ, ಬೀದಿಯ ತಿರುವಿನಲ್ಲಿ, ಕೂತಲ್ಲಿಂದಲೇ ಕಾಣುತ್ತಿತ್ತು. ಎದ್ದು ಹೋಗಿ ಎರಡು ಸಲ ಒತ್ತಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಬಿಸಿಲು. ಬ್ಯಾಗಿನಿಂದ ಬಾಟ್ಲಿ ತೆಗೆದು ಮಾವನ ಕೈಗೆ ಕೊಟ್ಟು, "ಯಜಮಾನ್ರೇ, ಇದ್ರಲ್ಲಿ ಒಂಚೂರು ನೀರು ಹಿಡಿದುಕೊಡಿ" ಎಂದರು.

ಮಾವ ಸಂಭ್ರಮದಿಂದ ಒಳಗೆ ಬಂದರು. ಬಾಟ್ಲಿಯನ್ನು ಚೆನ್ನಾಗಿ ತೊಳೆದರು. ಆಮೇಲೆ ಹಿತ್ತಾಳೆ ಬಿಂದಿಗೆಯ ಮುಚ್ಚಳ ತೆಗೆದು ನೀರು ಬಗ್ಗಿಸತೊಡಗಿದರು.

"ಅಯ್ಯೋ ಮಾವ, ಅದು ಬಾವಿ ನೀರು! ಪಂಪಿನ ನೀರು ಕೊಡಿ!"

"ಸುಮ್ನಿರವ್ವ. ಜೀಪ್ ಮಾಡ್ಕಂಡು ಅಷ್ಟು ದೂರದಿಂದ ಬಂದವ್ರೆ. ಅಂಥೋರಿಗೆ ಆ ನೀರು ಕೊಡಾಕಾಯ್ತದಾ? ಊರ ಮರ್ಯಾದೆ ಏನಾಗ್ಬೇಕು?"

"ಅವರು ಕುಡಿಯೋಕಲ್ಲ, ಪರೀಕ್ಷೆ ಮಾಡೋಕೆ!"

"ಪರೀಕ್ಷೆ ಅಂದ್ಮೇಲೆ ಒಳ್ಳೇದೇ ಕೊಡ್ಬೇಕು ಕಣವ್ವ."

ಇಂಥ ಬುದ್ಧಿಗೆ ಏನೆನ್ನಬೇಕು? ನಾನು ಸೆರಗನ್ನೂ ಸರಿಮಾಡಿಕೊಳ್ಳದೆ ಜಗಲಿಗೆ ಬಂದು, "ಸಾರ್, ಅದು ಪಂಪಿನ ನೀರಲ್ಲ, ತೋಟದ ಬಾವಿ ನೀರು" ಎಂದೆ. ಸಾಹೇಬರು ಬಾಟ್ಲಿಯ ಮೇಲೆ ಆಗಲೇ ‘ಕೈಪಂಪು’ ಎಂದು ಬರೆದು ಅಂಟಿಸುತ್ತಿದ್ದರು. "ನಿಮ್ಮೂರ ನೀರೇ ತಾನೇ ಬಿಡಿ" ಎಂದರು. ನಾನು ಔಷಧಿಯ ಖಾಲಿ ಬಾಟ್ಲಿ ಹಿಡಿದು ಪಂಪಿಗೆ ಓಡಿದೆ, ತುಂಬಿಸಿಕೊಂಡು ಏದುಸಿರು ಬಿಡುತ್ತ ಜೀಪಿನ ಮುಂದೆ ನಿಂತೆ.

"ಇದನ್ನ ತಗೊಂಡು ಹೋಗಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ."

"ಆಗಲ್ಲಮ್ಮ. ನಮ್ಮ ಬಾಟ್ಲಿನೇ ಆಗ್ಬೇಕು. ರೂಲ್ಸ್ ಇದೆ."

ಬಾಟ್ಲಿಗೆ ರೂಲ್ಸು! ಒಳಗಿನ ನೀರು ಎಲ್ಲಿಯದಾದರೂ ಆಗಬಹುದು, ಬಾಟ್ಲಿ ಮಾತ್ರ ಸರ್ಕಾರದ್ದಾಗಿರಬೇಕು. ಆ ಮನುಷ್ಯ ಹೊರಡುವಾಗ ಮಾವ ಜೀಪಿನ ಹಿಂದೆ ಒಂದು ಗೊನೆ ಎಳನೀರು ಹಾಕಿಸಿದರು. ಮೈಯೆಲ್ಲ ಉರಿದುಹೋಯಿತು ನನಗೆ.

ಕೆಲವು ತಿಂಗಳ ಮೇಲೆ ಬಣ್ಣದ ಡಬ್ಬಿ ಹಿಡಿದು ಒಬ್ಬ ಬಂದ. ಪಂಪಿನ ಕಟ್ಟೆಗೆ ನೀಲಿ ಬಣ್ಣದಲ್ಲಿ ‘ಕುಡಿಯಲು ಯೋಗ್ಯ’ ಎಂದು ಬರೆದುಹೋದ. ಮಾವ ಪಂಪಿಗೆ ತೆಂಗಿನಕಾಯಿ ಒಡೆದರು. ಊರವರು ನನ್ನ ಕಡೆ ನೋಡಿ ಕಂದು ಹಲ್ಲು ತೋರಿಸಿ ನಕ್ಕರು, ಮದುವೆಗೆ ಮುಂಚೆ ತೋರಿಸದಿದ್ದ ಅದೇ ಹಲ್ಲು. ನನ್ನ ಗಂಡ ಸೈಕಲ್ಲಿನಿಂದ ಕ್ಯಾನು ಬಿಚ್ಚಿಟ್ಟರು. "ಸರ್ಕಾರನೇ ಬರ್ದೈತೆ. ಇನ್ನೇನೇ ನಿಂದು ರಗಳೆ?" ಆಮೇಲೆ ನಾನು ಆಫೀಸಿಗೆ ಹೋದರೆ ಗುಮಾಸ್ತನೂ ತಲೆಯೆತ್ತುತ್ತಿರಲಿಲ್ಲ. ಟೆಸ್ಟ್ ಆಗಿದೆಯಲ್ಲಮ್ಮ, ಹೋಗಿ.

ಆದಷ್ಟು ದಿನ ನಾನೇ ತೋಟದಿಂದ ಹೊತ್ತು ತಂದೆ. ಮನೆಯಲ್ಲಿ ಕಾಯಬಹುದು, ಅಂಗನವಾಡಿಯಲ್ಲಿ ಯಾರು ಕಾಯುತ್ತಾರೆ? ಅಲ್ಲಿ ಅನ್ನಕ್ಕೆ ಇಡುವುದೂ ಮಕ್ಕಳು ಕುಡಿಯುವುದೂ ಅದೇ ಪಂಪಿನ ನೀರು. ಆಟವಾಡಿ ಬಾಯಾರಿದರೆ ಓಡುವುದೂ ಅಲ್ಲಿಗೇ, ಆ ನೀಲಿ ಅಕ್ಷರಗಳ ಕೆಳಗೆ ಬೊಗಸೆ ಒಡ್ಡಲು. ಒಂದು ಹೊಡೆದೆ, ಎರಡು ಹೊಡೆದೆ. ಬಾಯಾರಿದ ಮಗುವನ್ನು ಎಷ್ಟು ಹೊಡೆಯುವುದು?

ಮಗಳ ಮೊದಲ ಹಾಲುಹಲ್ಲು ಬಿದ್ದಾಗ ಮಾವನೇ ಅದನ್ನು ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆದರು. ಹೊಸ ಹಲ್ಲು ಪೂರ್ತಿ ಬಂದ ಮೇಲೆ ಒಂದು ಬೆಳಗ್ಗೆ ಅವಳನ್ನು ಜಗಲಿಯ ಮೇಲೆ ಕೂರಿಸಿಕೊಂಡು, "ಎಲ್ಲಿ, ತೋರ್ಸು ಮಗ" ಎಂದರು. ನೋಡಿದರು. "ಹಲ್ಲುಜ್ಜಿಲ್ವೇನೇ?" ಎಂದು ಹೆಗಲ ಮೇಲಿನ ಟವೆಲ್ಲಿನ ತುದಿಯಿಂದ ಉಜ್ಜಿದರು. ಮತ್ತೆ ಉಜ್ಜಿದರು. "ನೋಯ್ತದೆ ತಾತ" ಎಂದು ಅವಳು ಮುಖ ತಿರುಗಿಸುವವರೆಗೂ ಉಜ್ಜಿದರು. ಪಟ್ಟೆ ಹೋಗಲಿಲ್ಲ.

"ಸಾಹೇಬ್ರು ನೀರು ಚೆನ್ನಾಗೈತೆ ಅಂದಿದ್ರಲ್ಲವ್ವ" ಎಂದರು ನನ್ನ ಕಡೆ ನೋಡಿ.

"ನೀವು ಅವರಿಗೆ ಕೊಟ್ಟ ನೀರು ಚೆನ್ನಾಗೇ ಇತ್ತು ಮಾವ" ಎಂದೆ. ನನಗೆ ಕನಿಕರ ಬರಲಿಲ್ಲ.

ಅವರು ಎದ್ದು ಒಳಗೆ ಹೋದರು. ಹಿತ್ತಾಳೆ ಬಿಂದಿಗೆಯಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು ಬಂದು ಮೊಮ್ಮಗಳ ಮುಂದೆ ಹಿಡಿದರು. ಹುಟ್ಟಿದಾಗಿನಿಂದ ಆ ಬಿಂದಿಗೆ ಮುಟ್ಟಿದರೆ ಬೈಸಿಕೊಂಡ ಮಗು ಅದು. ಲೋಟ ಇಸಿದುಕೊಳ್ಳದೆ ಎದ್ದು ನಿಂತು, ಬಾಗಿಲಾಚೆ ಬೀದಿಯ ಕಡೆ ಇಣುಕಿ ನೋಡಿ ಕೇಳಿದಳು:

"ಯಾರು ಬಂದವ್ರೆ ತಾತ?"