ಪರಸವ್ವ ಮುಟ್ಟದ ಏಳನೇ ಗುಂಡಿ

ಇಬ್ರಾಹಿಂಪುರದ ರೈಲು ಹಳಿ ದಾಟಿದರೆ ಸಿಗುವುದು, ವಿಜಾಪುರದ ಮಂದಿಯೆಲ್ಲ ಮೂಗು ಮುಚ್ಚಿಕೊಂಡು ಹಾಯುವ ಬಯಲು. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಐವತ್ತರ ಆಸುಪಾಸಿನ ಪರಸವ್ವ ಗೊಬ್ಬರದ ಗುಂಡಿಯಲ್ಲಿ ಚುಚ್ಚಿಟ್ಟ ಕಬ್ಬಿಣದ ಹಾರೆಯನ್ನು ಎಳೆದು ಮುಂಗೈಗೆ ಒತ್ತಿಕೊಳ್ಳುತ್ತಾಳೆ. ಚುರ್ ಎಂದರೆ ಆಕೆಗೆ ಸಮಾಧಾನ. ಆಕೆಯ ಕೆಲಸ ನೋಡಿ ಬರೆಯಲು ಬಂದ ನಾನು ಕರವಸ್ತ್ರ ತೆಗೆಯುತ್ತೇನೆ, ಆಕೆ ನೋಡಿದ್ದೇ ನಾಚಿಕೆಯಾಗಿ ಮತ್ತೆ ಕಿಸೆಗೆ ಸೇರಿಸುತ್ತೇನೆ.

ಇಲ್ಲಿ ಹನ್ನೆರಡು ಗುಂಡಿಗಳಿವೆ. ಊರಿನ ಪಾಯಖಾನೆಗಳ ಮಲ, ಸಗಣಿ, ಕಸ ಸೇರಿ ದಿನಕ್ಕೆ ಒಂಬತ್ತು ಬಂಡಿ ಬರುತ್ತದೆ. ಅದನ್ನು ಪದರು ಪದರಾಗಿ ಹಾಸಿ ಮಣ್ಣು ಮುಚ್ಚುವವಳು ಪರಸವ್ವ. ನಾಲ್ಕು ತಿಂಗಳಿಗೆ ಗೊಬ್ಬರ ಸಿದ್ಧ.

"ಮೊದಲ ಇಪ್ಪತ್ತು ದಿನ ಒಳಗ ಕೆಂಡಧಂಗ ಕಾಯಬೇಕ್ರಿ, ಆವಾಗ ರೋಗ ಸಾಯ್ತೈತಿ. ಆಮ್ಯಾಲ ಕಾದದ್ದೂ ತಣ್ಣಗ, ಕಾಯದ್ದೂ ತಣ್ಣಗ. ಎರಡೂ ಕರ್ರಗ. ನೋಡಿದ್ರ ಯಾರಿಗಿ ತಿಳೀತೈತಿ?"

ದಿನವೂ ಮುಟ್ಟುವ ಆಕೆಗೆ ಮಾತ್ರ ತಿಳಿಯುತ್ತದೆ. ಆದರೆ ಏಳನೇ ಗುಂಡಿ ತುಂಬಿದ ಮರುದಿನವೇ ಆಕೆ ಚಳಿಜ್ವರದಿಂದ ಮಲಗಿದಳು, ಎದ್ದದ್ದು ತಿಂಗಳ ಮೇಲೆ. ಅಷ್ಟು ದಿನ ಆ ಹಾರೆಯನ್ನು ಯಾರೂ ಮುಟ್ಟಿಲ್ಲ, ಗುಂಡಿ ಕಾದಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಈಗ, 1961ರ ಈ ಅಕ್ಟೋಬರಿನಲ್ಲಿ, ಅದೇ ಗುಂಡಿಯ ಮುಂದೆ ಕಳ್ಳಕವಟಗಿಯ ರೈತ ರೇವಪ್ಪನ ಬಂಡಿ ನಿಂತಿದೆ. ಅವನಿಗೆ ಮೆಂತೆ ಮಡಿಗೆ ಗೊಬ್ಬರ ಬೇಕು. ನಮ್ಮ ಕಡೆ ಮೆಂತೆ ಸೊಪ್ಪು ಬೇಯಿಸುವ ತಾಳ್ಮೆ ಯಾರಿಗಿದೆ? ರೊಟ್ಟಿ ಜೊತೆ ಹಸಿಯಾಗಿಯೇ ಕಡಿಯುತ್ತೇವೆ. ನನಗೂ ಹೆದರಿಕೆಯಾಗುತ್ತದೆ.

"ಕರ್ರಗ ಐತಿ, ನಾತ ಇಲ್ಲ. ಇನ್ನೇನ ಬೇಕ ಬೇ?" ರೇವಪ್ಪ ಎರಡು ಮಾರು ದೂರದಿಂದಲೇ ಕೇಳುತ್ತಾನೆ.

"ಕೊಡು ಅಂದ್ರ ಕೊಡು," ಎಂದು ಮೇಲ್ವಿಚಾರಕ ಹಣಮಂತರಾಯ ಗದರುತ್ತಾನೆ. ಪರಸವ್ವ ಬುಟ್ಟಿ ಎತ್ತುವುದಿಲ್ಲ.

"ಐದು ವರ್ಷದ ಹಿಂದ ಹಿಂಗ ಕಾಯದ ಗೊಬ್ಬರ ಒಂದು ತ್ವಾಟಕ್ಕ ಹೋತ್ರಿ," ಎಂದು ನನ್ನತ್ತ ತಿರುಗುತ್ತಾಳೆ. "ಬುಟ್ಟಿ ತುಂಬಿ ಕೊಟ್ಟಾಕಿ ನಾನ. ಆ ತ್ವಾಟದ ಮೂಲಂಗಿ ನನ್ನ ಮಗಳು ರೇಣವ್ವ ತಿಂದ್ಲು. ವಾಂತಿಭೇದಿ ಹತ್ತಿ ಎರಡ ದಿನದಾಗ ಹೋದ್ಲು. ಏಳು ವರ್ಷದ ಕೂಸ್ರಿ."

ಮೇಲಿನವರ ಮಾತು ಮೀರುವಂತಿಲ್ಲ. ಗೊಬ್ಬರ ಬಂಡಿಗೆ ಏರುತ್ತದೆ. ಪರಸವ್ವ ಎತ್ತುಗಳಿಗೆ ಅಡ್ಡ ನಿಲ್ಲುತ್ತಾಳೆ.

"ಲಿಂಬಿ ಗಿಡಕ್ಕ ಹಾಕೋ ಯಪ್ಪಾ, ಅದರ ಹಣ್ಣು ಮಣ್ಣು ಮುಟ್ಟೂದಿಲ್ಲ. ಮೆಂತೆಕ್ಕ ಬ್ಯಾಡ."

ರೇವಪ್ಪ ತಲೆಯಾಡಿಸುತ್ತಾನೆ, ತುಸು ಬೇಗನೇ. ನನಗೆ ನಂಬಿಕೆ ಬರುವುದಿಲ್ಲ. ಆಕೆಗೂ ಬಂದಿಲ್ಲ.

"ಹಂಗೂ ಮೆಂತೆಕ್ಕ ಹಾಕಿದ್ರ, ಸಂತಿಗೆ ಒಯ್ಯೂ ಆರು ದಿನ ಮೊದಲ ಒಂದು ಸಿವುಡು ಮೆಂತೆ ನನಗ ತಂದು ಕೊಡಬೇಕು. ಆಣಿ ಮಾಡು."

ಅವನು ಆಣೆ ಮಾಡಿ ಬಂಡಿ ಹೊಡೆಯುತ್ತಾನೆ. ಆ ಒಂದು ಕಟ್ಟು ಸೊಪ್ಪು ಯಾಕೆಂದು ನಾನು ಕೇಳುತ್ತೇನೆ.

"ಎಲ್ಲಾ ತ್ವಾಟದವರ ಕಡೆ ಇಸ್ಕೋತೀನ್ರಿ. ತೊಳೀದ ಹಂಗ ತಿಂತೀನಿ. ಐದು ದಿನ ಎದಿ ಡವಡವ ಅಂತೈತಿ." ಆಕೆ ಹಾರೆಯನ್ನು ಎಂಟನೇ ಗುಂಡಿಗೆ ಚುಚ್ಚುತ್ತಾಳೆ. "ಆರನೇ ದಿನ ಈ ಹಾರಿ ಹಿಡಕೊಂಡು ನಾ ಇಲ್ಲಿ ನಿಂತಿದ್ರ, ಊರ ಮಕ್ಕಳು ತಿನ್ನಲಿ."